ಸರದಿ ಮಗುವಿನದು

ಮಗುವಿನ ಅಂಗೈ ಬಿಡಿಸಿ, ಅದರ ಮೇಲೆ ಅನ್ನ ಸಾರು ಕಲಸಿದಂತೆ ಮಾಡಿ, ಮನೆಯವರ ಹೆಸರನ್ನೆಲ್ಲ ಹೇಳುತ್ತಾ ಬೆರಳಿಗೊಂದು ತುತ್ತು ಹಂಚಿ, ಕೊನೆಗೆ ಎರಡು ಬೆರಳನ್ನು ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ ನಡೆಸಿಕೊಂಡು ಹೋಗಿ ಕಚಗುಳಿ ಇಡುವ ಆಟ ನಮ್ಮ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಹಳೇ ಮೈಸೂರಿನ ಅಜ್ಜಿ ಆಡಿಸುವ ಬಗೆ ಒಂದು, ಧಾರವಾಡದ ಆಯಿ ಆಡಿಸುವ ಬಗೆ ಇನ್ನೊಂದು. ಆರು ತಿಂಗಳ ಕೂಸು ಕಚಗುಳಿ ಇಟ್ಟ ಮೇಲೆ ನಗುತ್ತದೆ. ಇನ್ನೆರಡು ಮೂರು ತಿಂಗಳು ಕಳೆದರೆ, ಬೆರಳು ಮೊಣಕೈ ದಾಟುವಾಗಲೇ ಭುಜ ಎತ್ತಿ ಕೇಕೆ ಹಾಕುತ್ತದೆ. ವರ್ಷ ತುಂಬುವ ಹೊತ್ತಿಗೆ ತಾನೇ ಅಂಗೈ ಚಾಚುತ್ತದೆ. ಒಂದೂವರೆ ವರ್ಷದ ಆಸುಪಾಸಿನಲ್ಲಿ 'ಮತ್ತೆ' ಎಂದು ಕೇಳುತ್ತದೆ. ಮುಂದೇನಾಗುತ್ತದೆಂದು ಊಹಿಸುವುದು, ಬೇಕಾದ್ದನ್ನು ಕೈಯಲ್ಲಿ ಕೇಳುವುದು, ಆಮೇಲೆ ಬಾಯಲ್ಲಿ ಕೇಳುವುದು. ಮಾತು ಬರುವ ದಾರಿಯ ಮುಖ್ಯ ಮಜಲುಗಳೆಲ್ಲ ಆ ಒಂದು ಆಟದೊಳಗಿವೆ.

ಆಡಿಸಿದರೆ ಮಾತು ಬೇಗ ಬರುತ್ತದೆಯೇ? ಈಗಿನ ತಂದೆತಾಯಂದಿರಿಗೆ ಇದು ಕುತೂಹಲದ ಪ್ರಶ್ನೆಯಲ್ಲ, ಆತಂಕದ ಪ್ರಶ್ನೆ. ಪಕ್ಕದ ಮನೆಯ ಮಗು ವಾಕ್ಯ ಜೋಡಿಸುತ್ತಿದೆ, ನಮ್ಮದು ಇನ್ನೂ 'ಅಮ್ಮ' ಬಿಟ್ಟು ಬೇರೇನೂ ಹೇಳುತ್ತಿಲ್ಲ ಎಂಬ ಚಿಂತೆಯ ಮೇಲೆ ಫ್ಲ್ಯಾಶ್ ಕಾರ್ಡು, ಮಾತಾಡುವ ಗೊಂಬೆ, ಮೊಬೈಲ್ ಆ್ಯಪ್‌ಗಳ ದೊಡ್ಡ ವ್ಯಾಪಾರವೇ ನಿಂತಿದೆ. ಅರ್ಧ ಶತಮಾನದ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವ ಉತ್ತರ ಹೀಗಿದೆ: ಆಟ ಮಾತಿಗೆ ನೆರವಾಗುತ್ತದೆ, ಆದರೆ ಆ ನೆರವು ಸಾಮಾನಿನಲ್ಲೂ ಇಲ್ಲ, ನಾವು ಸುರಿಯುವ ಮಾತಿನ ಪ್ರಮಾಣದಲ್ಲೂ ಇಲ್ಲ. ಮಗುವಿಗೆ ಸರದಿ ಬಿಟ್ಟುಕೊಟ್ಟು ಕಾಯುವುದರಲ್ಲಿದೆ.

ಇದನ್ನು ಮೊದಲು ಸ್ಪಷ್ಟವಾಗಿ ಕಂಡವರಲ್ಲಿ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಒಬ್ಬರು. ಆಕ್ಸ್‌ಫರ್ಡಿನಲ್ಲಿದ್ದಾಗ ಅವರು ತಾಯಿ ಮಗು ಮುಖ ಮುಚ್ಚಿ ತೆಗೆಯುವ ಆಟವನ್ನು ತಿಂಗಳುಗಟ್ಟಲೆ ನೋಡಿ ದಾಖಲಿಸಿದರು. ನ್ಯಾನ್ಸಿ ರಾಟ್ನರ್ ಜೊತೆ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿದೂಷಕ ಗೊಂಬೆಯಿದೆ. ಕೋಲು ಎಳೆದರೆ ಅದು ಬಟ್ಟೆಯ ಕೊಳವೆಯೊಳಗೆ ಅಡಗುತ್ತದೆ, ತಳ್ಳಿದರೆ ಹೊರಗೆ ಬರುತ್ತದೆ. ಮೊದಮೊದಲು ಎಲ್ಲವನ್ನೂ ತಾಯಿಯೇ ಮಾಡುತ್ತಾಳೆ, ಮಗು ನೋಡುತ್ತದೆ. ಬರಬರುತ್ತಾ ಗೊಂಬೆ ಹೊರಬರಬೇಕಾದ ಕ್ಷಣದಲ್ಲಿ ಮಗು ಸದ್ದು ಮಾಡುತ್ತದೆ. ಕೊನೆಗೆ ಅಡಗಿಸುವ ಕೆಲಸವನ್ನೇ ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಆಟದ ಕ್ರಮ ಬದಲಾಗುವುದಿಲ್ಲ, ಪಾತ್ರಗಳು ಅದಲುಬದಲಾಗುತ್ತವೆ. ಯಾವ ಹೊತ್ತಿಗೆ ಏನು ಬರುತ್ತದೆಂದು ಗೊತ್ತಿರುವುದರಿಂದಲೇ ಆ ಜಾಗದಲ್ಲಿ ತನ್ನದೊಂದು ದನಿ ಇಡುವ ಧೈರ್ಯ ಮಗುವಿಗೆ ಬರುತ್ತದೆ. ಒಂದೇ ಆಟವನ್ನು ಹತ್ತು ಸಲ ಕೇಳುವ ಮಗುವಿನ ಹಟಕ್ಕೆ ಬೇಸರಪಡುವವರು ಇದನ್ನು ನೆನಪಿನಲ್ಲಿಡಬೇಕು. ಹತ್ತನೆಯ ಸಲದ ಆಟ ಮೊದಲ ಸಲದ್ದಲ್ಲ.

ಸರದಿಯ ಪಾಠ ಮಾತಿಗಿಂತ ಎಷ್ಟೋ ಮೊದಲು ಶುರುವಾಗುತ್ತದೆ. ಮೈಕೆಲ್ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು 2003ರಲ್ಲಿ ಎಂಟು ತಿಂಗಳ ಆಸುಪಾಸಿನ ಕೂಸುಗಳನ್ನು ತಾಯಂದಿರೊಂದಿಗೆ ಆಟದ ಕೋಣೆಯಲ್ಲಿ ಕೂರಿಸಿದರು. ಒಂದು ಗುಂಪಿನ ತಾಯಂದಿರು ಕೂಸು ದನಿ ತೆಗೆದ ಕೂಡಲೇ ನಗಬೇಕು, ಹತ್ತಿರ ಸರಿಯಬೇಕು, ಮುಟ್ಟಬೇಕು. ಇನ್ನೊಂದು ಗುಂಪಿನ ತಾಯಂದಿರು ಅಷ್ಟೇ ನಗಬೇಕು, ಅಷ್ಟೇ ಮುಟ್ಟಬೇಕು, ಆದರೆ ಕೂಸಿನ ದನಿಗೂ ಅದಕ್ಕೂ ಸಂಬಂಧವಿರಬಾರದು. ಮೊದಲ ಗುಂಪಿನ ಕೂಸುಗಳ ತೊದಲು ಅಲ್ಲೇ, ಆ ಅವಧಿಯೊಳಗೇ, ದೊಡ್ಡವರ ಉಚ್ಚಾರಕ್ಕೆ ಹತ್ತಿರವಾಯಿತು. ಎರಡನೆಯ ಗುಂಪಿನಲ್ಲಿ ಹಾಗಾಗಲಿಲ್ಲ. ಎರಡೂ ಕಡೆ ಸಿಕ್ಕ ಪ್ರೀತಿಯ ಅಳತೆ ಒಂದೇ, ಬೇರೆಯಾಗಿದ್ದದ್ದು ಹೊತ್ತು. 'ಬ ಬ ಬ' ಎಂದ ಮಗುವಿಗೆ 'ಹೌದಾ? ಬಬಬ? ಆಮೇಲೇನಾಯ್ತು?' ಎಂದು ಕೇಳುವ ನಮ್ಮ ಅಜ್ಜಿಯಂದಿರು ಮಾಡುತ್ತಾ ಬಂದದ್ದು ಇದನ್ನೇ.

ಹುಟ್ಟಿದ ಮಗುವಿನ ಕಿವಿ ಎಲ್ಲ ಭಾಷೆಗೂ ತೆರೆದಿರುತ್ತದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದ ಹಾಗೆ, ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸು ಹಿಂದಿಯ 'ತ' ಮತ್ತು 'ಟ' ಬೇರೆ ಬೇರೆ ಎಂದು ಗುರುತಿಸುತ್ತದೆ. ವರ್ಷ ತುಂಬುವ ಹೊತ್ತಿಗೆ ಅದಕ್ಕೆ ಆ ಭೇದ ಕೇಳಿಸುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಕನ್ನಡದ ಕೂಸಿಗೆ 'ತಟ್ಟೆ' ದಿನಾ ಬೇಕಾದ ಮಾತಾದ್ದರಿಂದ ಭೇದ ಉಳಿದುಕೊಳ್ಳುತ್ತದೆ. ಪರಭಾಷೆಯ ಇಂಥ ಭೇದವನ್ನು ಉಳಿಸಿಕೊಡಲು ರೆಕಾರ್ಡಿಂಗ್ ಸಾಕೇ ಎಂದು ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ 2003ರಲ್ಲಿ ಪರೀಕ್ಷಿಸಿದರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಒಂದು ಗುಂಪಿನೊಂದಿಗೆ ಚೀನೀ ಮಾತಾಡುವವರು ನಾಲ್ಕು ವಾರಗಳಲ್ಲಿ 12 ಸಲ ಕೂತು ಆಟವಾಡಿದರು, ಪುಸ್ತಕ ತೋರಿಸಿದರು. ಅದೇ ಜನ, ಅದೇ ಮಾತು ವಿಡಿಯೊದಲ್ಲಿ ಇನ್ನೊಂದು ಗುಂಪಿಗೆ ಸಿಕ್ಕಿತು. ಎದುರಿಗೆ ಕೂತು ಆಡಿದವರಿಂದ ಕೂಸುಗಳು ಚೀನೀ ಧ್ವನಿಗಳ ಭೇದವನ್ನು ಕಲಿತವು. ವಿಡಿಯೊ ನೋಡಿದವು ಏನೂ ಕಲಿಯಲಿಲ್ಲ.

ತೆರೆಯೇ ಶತ್ರು ಎಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. 2014ರಲ್ಲಿ ಸಾರಾ ರೋಸ್‌ಬೆರಿ, ಕ್ಯಾಥಿ ಹಿರ್ಷ್-ಪಾಸೆಕ್, ರಾಬರ್ಟಾ ಗೋಲಿಂಕಾಫ್ ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಮೂರು ಬಗೆಯಲ್ಲಿ ಹೇಳಿಕೊಟ್ಟರು: ಎದುರಿಗೆ ಕೂತು, ವಿಡಿಯೊ ಕರೆಯಲ್ಲಿ, ಮತ್ತು ಮೊದಲೇ ಚಿತ್ರಿಸಿಟ್ಟ ವಿಡಿಯೊದಲ್ಲಿ. ಮೊದಲ ಎರಡರಲ್ಲೂ ಮಕ್ಕಳು ಕಲಿತರು, ಮೂರನೆಯದರಲ್ಲಿ ಕಲಿಯಲಿಲ್ಲ. ನ್ಯೂಜೆರ್ಸಿಯಲ್ಲೋ ಸಿಂಗಪುರದಲ್ಲೋ ಬೆಳೆಯುತ್ತಿರುವ ಮೊಮ್ಮಗುವಿನ ಜೊತೆ ಶಿವಮೊಗ್ಗದಿಂದ ಮಾತಾಡುವ ಅಜ್ಜ ಅಜ್ಜಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ. ಫೋನಿನ ಆ ಬದಿಯಲ್ಲಿ ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಈ ಬದಿಯಲ್ಲಿ ಮಗು ಕೂಗಿದ ಮೇಲೆಯೇ ಮುಖ ತೆಗೆದರೆ ಅದು ಆಟವೇ ಸರಿ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2021ರ ಮಾರ್ಗಸೂಚಿ ಎರಡು ವರ್ಷದೊಳಗಿನ ಮಕ್ಕಳಿಗೆ ಯಾವ ತೆರೆಯೂ ಬೇಡ ಎನ್ನುತ್ತಲೇ ಬಂಧುಗಳೊಂದಿಗಿನ ವಿಡಿಯೊ ಕರೆಗೆ ವಿನಾಯಿತಿ ಕೊಟ್ಟಿರುವುದು ಸರಿಯಾಗಿಯೇ ಇದೆ. ಊಟ ಮಾಡಿಸಲು ಎದುರಿಗೆ ಮೊಬೈಲ್ ನಿಲ್ಲಿಸುವುದು ಬೇರೆಯೇ ಮಾತು. ಚಂದಮಾಮನನ್ನೋ ಕಾಗೆಯನ್ನೋ ತೋರಿಸುತ್ತಾ ಕೈತುತ್ತು ತಿನ್ನಿಸುವಾಗ ನಡೆಯುತ್ತಿದ್ದ ಅರ್ಧ ಗಂಟೆಯ ಸಂಭಾಷಣೆ, ದಿನಕ್ಕೆ ಮೂರು ಸಲ, ಅಲ್ಲಿ ಹಾಗೇ ಕಳೆದುಹೋಗುತ್ತದೆ.

ಇನ್ನು ಆಟಿಕೆಗಳು. ಅಮೆರಿಕದ ಅರಿಜೋನಾದಲ್ಲಿ ಆನ್ನಾ ಸೋಸಾ 2016ರಲ್ಲಿ ಪ್ರಕಟಿಸಿದ ಅಧ್ಯಯನ ಚಿಕ್ಕದು, 26 ಜೋಡಿ ತಂದೆತಾಯಿ ಮಕ್ಕಳದು. ಮಕ್ಕಳ ವಯಸ್ಸು 10ರಿಂದ 16 ತಿಂಗಳು. ದೀಪ ಮಿನುಗಿಸಿ ಹಾಡುವ, ಮಾತಾಡುವ ಎಲೆಕ್ಟ್ರಾನಿಕ್ ಆಟಿಕೆಗಳು, ಮರದ ಒಗಟು ಮತ್ತು ದಿಮ್ಮಿಗಳಂಥ ಹಳೆಯ ಬಗೆಯವು, ಚಿತ್ರಪುಸ್ತಕಗಳು, ಹೀಗೆ ಮೂರನ್ನೂ ಕೊಟ್ಟು ಮನೆಯಲ್ಲಿ ನಡೆದ ಮಾತನ್ನು ಧ್ವನಿಮುದ್ರಿಸಿಕೊಂಡರು. ಗೊಂಬೆ ಮಾತಾಡಿದಾಗ ತಂದೆತಾಯಿ ಮಾತು ಕಡಿಮೆ ಮಾಡಿದರು, ಮಗುವಿನೊಂದಿಗಿನ ಸರದಿಗಳೂ ಕಡಿಮೆಯಾದವು. ಅತಿ ಹೆಚ್ಚು ಮಾತು ಹುಟ್ಟಿದ್ದು ಪುಸ್ತಕದ ಸುತ್ತ. ಕೂತಲ್ಲೇ 'ಎ ಫಾರ್ ಆ್ಯಪಲ್' ಹೇಳುವ ಯಂತ್ರಕ್ಕೆ ನೂರಾರು ರೂಪಾಯಿ ಕೊಡುವ ಬದಲು ಚನ್ನಪಟ್ಟಣದ ಆಲೆಮರದ ಬುಗುರಿಯನ್ನೋ ತಳ್ಳುಗಾಡಿಯನ್ನೋ ತರಬಹುದು. ಅದೂ ಬೇಡದಿದ್ದರೆ ಅಡುಗೆಮನೆಯ ಸ್ಟೀಲ್ ಡಬ್ಬಿ, ಲೋಟ, ಸೌಟು ಇದ್ದೇ ಇವೆ. ಅವು ತಾವಾಗಿ ಏನನ್ನೂ ಹೇಳುವುದಿಲ್ಲ. ಹಾಗಾಗಿ ಮುಚ್ಚಳ ಬಿದ್ದಾಗ 'ಢಣ್!' ಎನ್ನುವ ಅವಕಾಶ ಮನುಷ್ಯರಿಗೆ ಸಿಗುತ್ತದೆ.

ಹಾಗೆಂದು ಸಾದಾ ಆಟಿಕೆಗಳ ಪರವಾಗಿ ಬಂದ ಪುರಾವೆಯನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಿಗೆ ದಿಮ್ಮಿಗಳನ್ನು ಹಂಚಿ, ಆರು ತಿಂಗಳ ನಂತರ ಅವರ ಭಾಷೆ ಮುಂದಿತ್ತು ಎಂದ 2007ರ ಸಿಯಾಟಲ್ ಪ್ರಯೋಗಕ್ಕೆ ಹಣ ಬಂದದ್ದು ದಿಮ್ಮಿ ತಯಾರಿಸುವ ಕಂಪನಿಯಿಂದಲೇ. ಮನೆಯಾಟ, ಅಡುಗೆಯಾಟ, ಗೊಂಬೆಗೆ ಸ್ನಾನ ಮಾಡಿಸುವ ಆಟಗಳ ಬಗ್ಗೆಯೂ ಇಂಥದೇ ಎಚ್ಚರಿಕೆ ಬೇಕು. ಏಂಜಲೀನ್ ಲಿಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ನಟನೆಯಾಟದ ಕುರಿತ ನಾಲ್ಕು ದಶಕಗಳ ಅಧ್ಯಯನಗಳನ್ನು ಜಾಲಾಡಿ, ಅದೇ ಬೆಳವಣಿಗೆಗೆ ಕಾರಣ ಎನ್ನುವಷ್ಟು ಗಟ್ಟಿ ಆಧಾರ ಇಲ್ಲ ಎಂದರು. ಖಾಲಿ ಲೋಟದಲ್ಲಿ ಕಾಫಿ ಕುಡಿಯುವ ಮಗು ಮಾತಿನಲ್ಲೂ ಮುಂದಿರುವುದು ಹೌದು. ಆದರೆ ಯಾವುದರಿಂದ ಯಾವುದು ಬಂತೆಂದು ಹೇಳುವುದು ಕಷ್ಟ. ಒಂದನ್ನು ಇನ್ನೊಂದಾಗಿ ಕಾಣುವ ಶಕ್ತಿ ಎರಡಕ್ಕೂ ಬೇಕಲ್ಲ. ಈ ಆಟವನ್ನು ಯಾರೂ ಬಿಡಬೇಕಿಲ್ಲ. ಮಾತಿಗೆ ಮದ್ದು ಎಂದು ಮಾರಬಾರದು, ಅಷ್ಟೆ.

ಹಾಡಿನ ಆಟಗಳ ವಿಷಯ ಹೆಚ್ಚು ಶ್ರೀಮಂತವಾದದ್ದು. ಒಂಬತ್ತು ತಿಂಗಳ ಕೂಸುಗಳನ್ನು ಮೂರು ಹೊಡೆತದ ತಾಳಕ್ಕೆ ಕುಣಿಸಿ ಆಡಿಸಿದ ಮೇಲೆ, ಅವುಗಳ ಮೆದುಳು ಸಂಗೀತದ ಲಯವನ್ನಷ್ಟೇ ಅಲ್ಲ, ಮಾತಿನ ಲಯ ತಪ್ಪಿದ್ದನ್ನೂ ಚೆನ್ನಾಗಿ ಗುರುತಿಸಿತು ಎಂದು ಕ್ರಿಸ್ಟಿನಾ ಝಾವೊ ಮತ್ತು ಕೂಲ್ 2016ರಲ್ಲಿ ತೋರಿಸಿದರು. ಮೂರು ವರ್ಷಕ್ಕೆ ಶಿಶುಪ್ರಾಸಗಳನ್ನು ಚೆನ್ನಾಗಿ ಬಲ್ಲ ಮಕ್ಕಳು ಮುಂದೆ ಓದಿನಲ್ಲೂ ಮುಂದಿರುತ್ತಾರೆ ಎಂದು ಪೀಟರ್ ಬ್ರಯಂಟ್ ಮತ್ತು ಸಂಗಡಿಗರ 1989ರ ಅಧ್ಯಯನ ಹೇಳಿತು. ಕನ್ನಡದಲ್ಲಿ ಇದಕ್ಕೆ ಬೇಕಾದ ಸಾಮಗ್ರಿಗೆ ಬರವಿಲ್ಲ. ಕೈ ತಿರುಗಿಸುವ ತಾರಮ್ಮಯ್ಯ, ಬೆನ್ನ ಮೇಲಿನ ಉಪ್ಪುಮೂಟೆ, ಬೆರಳೆಣಿಸುವ ಅವಲಕ್ಕಿ ಪವಲಕ್ಕಿ, ಸ್ವಲ್ಪ ದೊಡ್ಡ ಮಕ್ಕಳಿಗೆ ಕಣ್ಣಾಮುಚ್ಚಾಲೆ. ಜಿ. ಪಿ. ರಾಜರತ್ನಂ ಅವರ 'ನಾಯಿಮರಿ' ಪದ್ಯವನ್ನು ನೋಡಿ: ಅದು ಮೊದಲಿಂದ ಕೊನೆಯವರೆಗೆ ಪ್ರಶ್ನೆ ಮತ್ತು ಉತ್ತರ. ಒಬ್ಬರು ಕೇಳಬೇಕು, ಇನ್ನೊಬ್ಬರು ಹೇಳಬೇಕು. ಎರಡು ವರ್ಷದ ಮಗುವಿಗೆ ಇಡೀ ಉತ್ತರ ಬರದಿದ್ದರೂ ಸಾಲಿನ ಕೊನೆಯ ಒಂದು ಶಬ್ದ ಬರುತ್ತದೆ. ಮಕ್ಕಳ ಮನಸ್ಸು ಅರಿತ ಕವಿಯ ಕೆಲಸ ಅದು. ಈ ಪದ್ಯವನ್ನು ಹಿನ್ನೆಲೆ ವಾದ್ಯದೊಂದಿಗೆ ಯೂಟ್ಯೂಬಿನಲ್ಲಿ ಹಾಕಿಟ್ಟರೆ ನಾಯಿಯೂ ಅದೇ, ಮಗುವೂ ಅದೇ. ಕೇಳುವ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ಮನೆಯಲ್ಲಿ ಹಾಡುವವರು ಸಾಲಿನ ತುದಿಗೆ ಬಂದು ನಿಲ್ಲಬೇಕು. ಕಣ್ಣರಳಿಸಿ, ಹುಬ್ಬೇರಿಸಿ, ಬಾಯಿ ಅರ್ಧ ತೆರೆದು, ಮನಸ್ಸಿನಲ್ಲೇ ಐದರವರೆಗೆ ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ದೊಡ್ಡವರಿಗೆ ಆ ಐದು ಸೆಕೆಂಡು ಬಹಳ ಉದ್ದ. ಮಗುವಿಗೆ ಶಬ್ದ ಹುಡುಕಿ ನಾಲಿಗೆಗೆ ತರಲು ಅಷ್ಟು ಬೇಕೇ ಬೇಕು.

ಕಾಯುವುದರ ಜೊತೆಗೆ ಹಿಂಬಾಲಿಸುವುದೂ ಬೇಕು. ಮೈಕೆಲ್ ಟೊಮಸೆಲೊ ಮತ್ತು ಜೆಫ್ರಿ ಫರಾರ್ 1986ರಲ್ಲಿ ಕಂಡುಕೊಂಡದ್ದು ಸರಳವಾಗಿದೆ: ಮಗು ಈಗಾಗಲೇ ನೋಡುತ್ತಿರುವ ವಸ್ತುವಿನ ಹೆಸರು ಹೇಳಿದರೆ ಅದು ಕಲಿಯುತ್ತದೆ, ಅದರ ಗಮನವನ್ನು ಬೇರೆಡೆಗೆ ಎಳೆದು ಹೆಸರು ಹೇಳಿದರೆ ಅಷ್ಟಾಗಿ ಕಲಿಯುವುದಿಲ್ಲ. ಮಗು ಇರುವೆ ಸಾಲನ್ನು ನೋಡುತ್ತಿರುವಾಗ ಚೆಂಡು ತೋರಿಸಿ 'ಬಾಲ್, ಬಾಲ್ ಅನ್ನು' ಎಂದು ಒತ್ತಾಯಿಸುವವರು ಒಂದು ಒಳ್ಳೆಯ ಅವಕಾಶ ಕಳೆದುಕೊಳ್ಳುತ್ತಾರೆ. ಬೆರಳು ತೋರಿಸುವುದೂ ಮಾತೇ. ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ 2005ರಲ್ಲಿ ತೋರಿಸಿದಂತೆ, ಮಗು ಮೊದಲು ಕೈಯಲ್ಲಿ ತೋರಿಸಿದ ವಸ್ತುಗಳೇ ಆಮೇಲೆ ಬಾಯಲ್ಲಿ ಬರುತ್ತವೆ. ಹಾಲಿನ ಲೋಟದ ಕಡೆ ಬೆರಳು ಮಾಡಿ 'ಅಮ್ಮ' ಎಂದ ಮಗು ಎರಡು ಪದಗಳ ವಾಕ್ಯದ ಹೊಸ್ತಿಲಲ್ಲಿದೆ. ಅದಕ್ಕೆ 'ಅಮ್ಮ ಹಾಲು ಕೊಡ್ಬೇಕಾ?' ಎಂದು ಒಂದು ಶಬ್ದ ಕೂಡಿಸಿ ಮರಳಿಸಿದರೆ ಸಾಕು.

ನಮ್ಮ ಮನೆಗಳಲ್ಲಿ ಆಟವನ್ನು ಕೆಡಿಸುವ ಒಂದು ಅಭ್ಯಾಸವಿದೆ, ಪರೀಕ್ಷೆ ಮಾಡುವುದು. ನೆಂಟರು ಬಂದ ಕೂಡಲೇ 'ಮೂಗೆಲ್ಲಿ ತೋರ್ಸು, ಅಂಕಲ್‌ಗೆ ರೈಮ್ಸ್ ಹೇಳು, ನಾಯಿ ಹೇಗೆ ಕೂಗತ್ತೆ?' ಎಂಬ ಸರಣಿ ಶುರುವಾಗುತ್ತದೆ. ಉತ್ತರ ಗೊತ್ತಿರುವವರೇ ಪ್ರಶ್ನೆ ಕೇಳಿದಾಗ ಅಲ್ಲಿ ಸರದಿ ಇರುವುದಿಲ್ಲ, ವರದಿ ಮಾತ್ರ ಇರುತ್ತದೆ. ಹಿಂಜರಿಯುವ ಮಗು ಇದರಿಂದ ಇನ್ನಷ್ಟು ಮೌನಿಯಾಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಗ್ರೋವರ್ ವೈಟ್‌ಹರ್ಸ್ಟ್ 1988ರಲ್ಲಿ ಎರಡು ಎರಡೂವರೆ ವರ್ಷದ ಮಕ್ಕಳ ತಂದೆತಾಯಂದಿರಿಗೆ ಪುಸ್ತಕ ಓದುವ ಬೇರೊಂದು ಬಗೆ ಹೇಳಿಕೊಟ್ಟರು. ಹೌದು ಅಲ್ಲ ಎಂಬ ಪ್ರಶ್ನೆ ಬಿಟ್ಟು, ಚಿತ್ರದಲ್ಲಿ ಏನು ನಡೆಯುತ್ತಿದೆ ಎಂದು ಮಗುವಿನ ಬಾಯಿಂದಲೇ ಬರಿಸಿ, ಅದು ಹೇಳಿದ್ದನ್ನು ಬೆಳೆಸಿ ಹೇಳುವುದು. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನ ಅಭಿವ್ಯಕ್ತಿಯಲ್ಲಿ ಉಳಿದವರನ್ನು ದಾಟಿದ್ದರು.

ಹೆಚ್ಚು ಮಾತು ಕೇಳಿದ ಮಗು ಹೆಚ್ಚು ಮಾತು ಕಲಿಯುತ್ತದೆ ಎಂಬ ನಂಬಿಕೆಗೆ ದೊಡ್ಡ ಬಲ ಬಂದದ್ದು ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಅವರ 1995ರ ಪುಸ್ತಕದಿಂದ. ಕ್ಯಾನ್ಸಸ್‌ನ 42 ಕುಟುಂಬಗಳನ್ನು ಗಮನಿಸಿ, ಬಡವರ ಮಕ್ಕಳು ಕಿವಿಗೆ ಬೀಳುವ ಮಾತಿನಲ್ಲಿ ಕೋಟಿಗಟ್ಟಲೆ ಶಬ್ದಗಳಷ್ಟು ಹಿಂದೆ ಬೀಳುತ್ತಾರೆಂದು ಅವರು ಲೆಕ್ಕ ಹಾಕಿದರು. ಆ ಲೆಕ್ಕದ ಬಡತನದ ಗುಂಪಿನಲ್ಲಿದ್ದದ್ದು ಆರೇ ಕುಟುಂಬ. ನಂತರ ಬಂದವರು ಅಜ್ಜಿ, ಅಕ್ಕ, ಅಣ್ಣಂದಿರ ಮಾತನ್ನೂ ಸೇರಿಸಿ ಎಣಿಸಿದಾಗ ಆ ಅಂತರ ಹಾಗೆ ಕಾಣಲಿಲ್ಲ. 2018ರಲ್ಲಿ ರೇಚಲ್ ರೋಮಿಯೊ ಮತ್ತು ಸಂಗಡಿಗರು ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮೆದುಳಿನ ಸ್ಕ್ಯಾನ್ ಮಾಡಿದರು. ಭಾಷೆಯ ಭಾಗದ ಚಟುವಟಿಕೆಗೆ ಹತ್ತಿರದ ನಂಟು ಕಂಡದ್ದು ಮಗು ದೊಡ್ಡವರೊಂದಿಗೆ ಮಾತು ಕೊಟ್ಟು ತೆಗೆದುಕೊಂಡ ಸರದಿಗಳ ಜೊತೆ. ಕುಟುಂಬದ ಆದಾಯವನ್ನೂ ಬರೀ ಕೇಳಿದ ಶಬ್ದಗಳ ಎಣಿಕೆಯನ್ನೂ ಬದಿಗಿಟ್ಟು ನೋಡಿದಾಗಲೂ ಆ ನಂಟು ಉಳಿಯಿತು. ಬಡವರ ಮನೆಯಲ್ಲಿ ಮಾತಿಲ್ಲ ಎಂಬ ಅವಸರದ ತೀರ್ಪು ನಮ್ಮ ಶಿಕ್ಷಣ ವಲಯದಲ್ಲೂ ಆಗಾಗ ಕೇಳಿಬರುವುದರಿಂದ ಇಷ್ಟು ವಿವರವಾಗಿ ಹೇಳಬೇಕಾಯಿತು.

ಮಕ್ಕಳನ್ನು ಹೀಗೆ ಆಡಿಸದ ಸಮಾಜಗಳೂ ಇವೆ. ಮೆಕ್ಸಿಕೊದ ಚಿಯಾಪಾಸ್ ಬೆಟ್ಟಗಳ ತ್ಸೆಲ್ತಾಲ್ ಮಾಯಾ ಜನರಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ನೇರವಾಗಿ ಸಿಗುವ ಮಾತು ಗಂಟೆಗೆ ನಾಲ್ಕು ನಿಮಿಷಕ್ಕಿಂತ ಕಡಿಮೆ ಎಂದು ಮರೀಸಾ ಕಸಿಯಾಸ್, ಪೆನಲೋಪಿ ಬ್ರೌನ್, ಸ್ಟೀಫನ್ ಲೆವಿನ್ಸನ್ 2020ರಲ್ಲಿ ವರದಿ ಮಾಡಿದರು. ಆದರೂ ಆ ಮಕ್ಕಳ ಮೊದಲ ತೊದಲು, ಮೊದಲ ಮಾತು ತಡವಾಗುವುದಿಲ್ಲ. ಬೆನ್ನಿಗೆ ಕಟ್ಟಿಕೊಂಡ ತಾಯಿಯ ಹೆಗಲ ಮೇಲಿಂದ ಲೋಕದ ಮಾತನ್ನೆಲ್ಲ ಕೇಳುತ್ತಾ ಅವು ಬೆಳೆಯುತ್ತವೆ. ಹೊಲದ ಬದುವಿನ ಮೇಲೆ, ಕಟ್ಟಡ ಕೆಲಸದ ಮರಳಿನ ಪಕ್ಕದಲ್ಲಿ ಅಕ್ಕನ ಸೊಂಟದ ಮೇಲೆ ಬೆಳೆಯುವ ನಮ್ಮ ಮಕ್ಕಳನ್ನು ನೋಡಿದವರಿಗೆ ಇದು ಅಚ್ಚರಿಯಲ್ಲ. ಹಾಗಾದರೆ ಆಟ ಬೇಡವೇ? ಸುತ್ತ ಹತ್ತು ಜನರಿರುವ ಮನೆಯಲ್ಲಿ ಮಾತಿಗೆ ನೂರು ದಾರಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯಲ್ಲಿ ಒಬ್ಬರೇ ದೊಡ್ಡವರೊಂದಿಗೆ, ಅದೂ ಅವರು ಲ್ಯಾಪ್‌ಟಾಪಿನ ಮುಂದಿರುವಾಗ, ಹಗಲು ಕಳೆಯುವ ಮಗುವಿಗೆ ಆ ದಾರಿಗಳಲ್ಲಿ ಒಂದೆರಡೇ ಉಳಿದಿರುತ್ತವೆ. ಆಟವನ್ನು ಬೇಕೆಂದೇ ತಂದಿರಿಸಬೇಕಾದದ್ದು ಅಲ್ಲಿ.

ಅಂಥ ಮನೆಗಳಲ್ಲಿ ಮತ್ತೊಂದು ಗೊಂದಲ ಭಾಷೆಯದು. ಅಜ್ಜಿ ಕನ್ನಡ, ನೋಡಿಕೊಳ್ಳುವಾಕೆ ತಮಿಳು, ಪ್ಲೇ ಹೋಮಿನಲ್ಲಿ ಇಂಗ್ಲಿಷ್. ಹೀಗಾಗಿಯೇ ಮಾತು ತಡವಾಯಿತೆಂದು ಒಂದು ಭಾಷೆಯನ್ನು, ಸಾಮಾನ್ಯವಾಗಿ ಕನ್ನಡವನ್ನು, ಬಿಟ್ಟುಬಿಡುವವರಿದ್ದಾರೆ. ಹಲವು ಭಾಷೆ ಕೇಳುವುದು ಮಾತಿನ ತೊಂದರೆಗೆ ಕಾರಣವಲ್ಲ ಎಂಬುದರಲ್ಲಿ ತಜ್ಞರಿಗೆ ಅನುಮಾನವಿಲ್ಲ. ಆಟಕ್ಕೆ ಬೇಕಾದ್ದು ಆಡಿಸುವವರ ನಾಲಿಗೆಯಲ್ಲಿ ಸಲೀಸಾಗಿ ಹರಿಯುವ ಭಾಷೆ. 'ಮಮ್ಮು, ತಾಚಿ, ಬೌಬೌ, ಟಾಟಾ' ಎನ್ನಲು ನಾಚಬೇಕಿಲ್ಲ. ಮರುಕಳಿಸುವ ಸುಲಭ ಧ್ವನಿಗಳು ಎಳೆಯ ಕಿವಿಗೂ ಬಾಯಿಗೂ ಹಿಡಿಸುತ್ತವೆ, ಮಗು ಬೆಳೆದಂತೆ ತಾವಾಗಿಯೇ ಉದುರಿಹೋಗುತ್ತವೆ.

ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದದ್ದು ಆಟದ ಮಿತಿ. ಕಿವಿ ಕೇಳಿಸದ ಮಗುವಿಗೆ ಎಷ್ಟು ಹಾಡಿದರೂ ಮಾತು ಬಾರದು. ಹೆಸರು ಕೂಗಿದರೆ ವರ್ಷದ ಮಗು ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಬೆರಳು ತೋರಿಸದಿದ್ದರೆ, ಆ ವಯಸ್ಸಿಗೂ ಒಂದು ಶಬ್ದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ ಎರಡು ಶಬ್ದ ಕೂಡಿಸದಿದ್ದರೆ, ಯಾವ ವಯಸ್ಸಿನಲ್ಲಾದರೂ ಬಂದ ಮಾತು ನಿಂತುಹೋದರೆ ಕಾಯಬಾರದು. 'ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು' ಎಂಬ ಸಮಾಧಾನದಲ್ಲಿ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ. ತಡವಾಗಿ ಮಾತಾಡುವ ಅನೇಕ ಮಕ್ಕಳು ತಾವಾಗಿ ಸರಿಹೋಗುತ್ತಾರೆ, ನಿಜ. ಯಾವ ಮಗು ಸರಿಹೋಗುತ್ತದೆ ಎಂದು ಅಂಗಳದಲ್ಲಿ ಕೂತು ಹೇಳಲಾಗದು. ನಾಲಿಗೆ ತಿರುಗಲೆಂದು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿ ಇನ್ನೂ ಇದೆ. ವರ್ಷ ತುಂಬದ ಕೂಸಿಗೆ ಜೇನು ಅಪಾಯಕಾರಿ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರ ನಮ್ಮ ರಾಜ್ಯದಲ್ಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ತಪಾಸಣೆ ಸಿಗುತ್ತದೆ. ಮೊದಲು ಕಿವಿಯ ಪರೀಕ್ಷೆ. ಆಮೇಲೆ ವಾಕ್ ಚಿಕಿತ್ಸಕರು ಹೇಳಿಕೊಡುವುದೂ ಬಹುಪಾಲು ಆಟವನ್ನೇ, ಆದರೆ ಆ ಮಗುವಿಗೆಂದೇ ಅಳೆದು ಕೊಟ್ಟದ್ದನ್ನು.

ಆಡಿಸಲು ಪುರುಸೊತ್ತು ಯಾರಿಗಿದೆ ಎಂಬುದು ಮನೆಯೊಳಗೇ ಮುಗಿಯುವ ಪ್ರಶ್ನೆಯಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಬೆಳವಣಿಗೆ ಕುಂಠಿತವಾದ 129 ಎಳೆಯ ಮಕ್ಕಳನ್ನು ಗುಂಪು ಮಾಡಿ, ಕೆಲವರ ಮನೆಗಳಿಗೆ ಆರೋಗ್ಯ ಸಹಾಯಕಿಯರನ್ನು ವಾರಕ್ಕೊಂದು ಗಂಟೆಯಂತೆ ಎರಡು ವರ್ಷ ಕಳಿಸಿದರು. ಕೈಯಲ್ಲಿ ಮಾಡಿದ ಆಟಿಕೆಗಳನ್ನು ಹಿಡಿದು ಅವರು ತಾಯಂದಿರಿಗೆ ಆಡಿಸುವುದನ್ನು ತೋರಿಸಿಕೊಟ್ಟರು. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಗಳಿಕೆ ಆಟ ಸಿಗದವರಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತು ಎಂದು 2014ರಲ್ಲಿ ವರದಿಯಾಯಿತು. ಅದೇ ಮಾದರಿಯನ್ನು ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ ಸ್ಥಳೀಯ ಹೆಂಗಸರ ಮೂಲಕ 18 ತಿಂಗಳು ನಡೆಸಿದಾಗಲೂ ಮಕ್ಕಳ ಬುದ್ಧಿವಿಕಾಸದಲ್ಲಿ ಎದ್ದು ಕಾಣುವ ಸುಧಾರಣೆ ಬಂತು.

ನಮ್ಮಲ್ಲಿ ಅಂಗನವಾಡಿಗಳ ಯೋಜನೆ 1975ರಲ್ಲಿ ದೇಶದ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಟಿ. ನರಸೀಪುರ. ಮೂರು ವರ್ಷದೊಳಗಿನ ಮಕ್ಕಳಿಗೆ ಅದು ಬಹುಕಾಲ ಪೌಷ್ಟಿಕ ಆಹಾರ ಮತ್ತು ಚುಚ್ಚುಮದ್ದಿನ ವ್ಯವಸ್ಥೆಯಾಗಿಯೇ ಉಳಿಯಿತು. ಹುಟ್ಟಿನಿಂದ ಮೂರು ವರ್ಷದವರೆಗಿನ ಆಟಗಳನ್ನು ತಿಂಗಳವಾರು ಹೇಳುವ 'ನವಚೇತನ' ಎಂಬ ರಾಷ್ಟ್ರೀಯ ಚೌಕಟ್ಟು ಬಂದದ್ದು 2024ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, ಉದ್ಯೋಗ ಖಾತ್ರಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಕರ್ನಾಟಕ ಸರ್ಕಾರ ಹೇಳಿತು. ಅಲ್ಲಿ ಕೂಸುಗಳನ್ನು ನೋಡಿಕೊಳ್ಳುವವರು ಅದೇ ಊರಿನ ಹೆಂಗಸರು. ಅವರಿಗೆ ಹಾಡು ಗೊತ್ತು, ಆಟ ಗೊತ್ತು, ಭಾಷೆ ಮಕ್ಕಳ ಮನೆಯದೇ. ಮಕ್ಕಳ ತೂಕ, ಹಾಜರಿ, ಹಾಲಿನ ಲೆಕ್ಕ ಬರೆಯುವುದರಲ್ಲಿ ಹಗಲು ಮುಗಿಯದಂತೆ ನೋಡಿಕೊಂಡು, ಒಬ್ಬೊಬ್ಬ ಆರೈಕೆದಾರರ ಮಡಿಲಿಗೆ ಕೆಲವೇ ಕೂಸುಗಳು ಬರುವಂತೆ ಮಾಡಿದರೆ, ಪ್ರತಿ ಕೂಸಿಗೂ ದಿನದಲ್ಲಿ ಹಲವು ಸಲ ಸರದಿ ಸಿಗುತ್ತದೆ. ಇಪ್ಪತ್ತು ಕೂಸುಗಳಿಗೆ ಇಬ್ಬರೇ ಇದ್ದರೆ ಎಷ್ಟೇ ಒಳ್ಳೆಯ ಕೈಪಿಡಿ ಕೊಟ್ಟರೂ ಅವರಿಂದ ಆಗುವುದು ಕಾವಲು ಮಾತ್ರ.